ನಿನ್ನ ಸಾಕ್ಷಿಯೊಳಗಿನ ಅಪ್ಪ

ಅಣ್ಣಾ,

ನಿನ್ನ ಪ್ರಾರ್ಥನೆ ಮನೆಯವರು ಕಳೆದ ಭಾನುವಾರ ನನ್ನನ್ನು ಕರೆಸಿದ್ದರು. ನಿನ್ನ ನೆನಪಿನ ಕೂಟ. ‘ಅಯ್ಯನೋರು ಚಿಕ್ಕೋರಾಗಿದ್ದಾಗ ಹೆಂಗಿದ್ರು ಅಂತ ನಾಕು ಮಾತು ಹೇಳಿ ಬ್ರದರ್’ ಅಂದರು. ಹೂಂ ಅಂದುಬಿಟ್ಟೆ. ಬಸ್ಸು ಹತ್ತಿದ ಮೇಲೆ ಹೊಳೆಯಿತು, ನಿನ್ನ ಬಾಲ್ಯ ಹೇಳಬೇಕಾದರೆ ಅಪ್ಪನನ್ನೂ ಹೇಳಬೇಕು. ಯಾವ ಅಪ್ಪನನ್ನು ಹೇಳಲಿ? ನಿನ್ನವನನ್ನೋ, ನನ್ನವನನ್ನೋ?

ಸಾತನೂರಿನ ಆಚೆ, ನಮ್ಮ ಹುಳದ ಮನೆಯಲ್ಲಿ, ಅಪ್ಪ ತಟ್ಟೆಗಳಿಗೆ ಸೊಪ್ಪು ಹಾಕುತ್ತ ನಮಗೆ ಭಜನೆ ಪದ ಹೇಳಿಕೊಡುತ್ತಿದ್ದದ್ದು ನೆನಪಿದೆಯೇ? ರೇಷ್ಮೆ ಹುಳ ಸೊಪ್ಪು ಮೇಯುವ ಸದ್ದು, ಅದರ ಮೇಲೆ ಅವನ ದನಿ. ನಿನಗೆ ಬಂದದ್ದು ಆ ದನಿಯೇ. ಹುಳಕ್ಕೆ ಹೊಗೆ ಆಗುವುದಿಲ್ಲವೆಂದು ಬೀಡಿಯನ್ನೂ ಮುಟ್ಟದ ಮನುಷ್ಯ. ಮದುವೆ ಮನೆಯಲ್ಲಿ ಕುಡಿದವರು ಪಕ್ಕಕ್ಕೆ ಬಂದರೆ ಎದ್ದು ದೂರ ಹೋಗಿ ಕೂರುತ್ತಿದ್ದ. ಅವ್ವನ ಮೇಲೆ ಕೈ ಎತ್ತಿದ್ದನ್ನು ನಾನಂತೂ... ನೀನು ಕಂಡಿದ್ದೆಯಾ?

ರಾಮನಗರಕ್ಕೆ ನೂಲು ತೆಗೆಯುವ ಕೆಲಸಕ್ಕೆ ಹೋದವನು ನೀನು ಬೈಬಲ್ ಹಿಡಿದು ಬಂದೆ. ಗೂಡು ಬೇಯಿಸುವ ಕುದಿನೀರಿನಲ್ಲಿ ಕೈ ಬೆಂದು, ಜ್ವರ ಬಂದು, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದೆ. ಪಕ್ಕದ ಕೋಣೆಯವರು ಗಂಜಿ ಕುಡಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಡೆದದ್ದು ಅಷ್ಟೇ. ನನ್ನನ್ನು ಕೇಳಿದರೆ ಅಷ್ಟು ಸಾಕಿತ್ತು. ಆದರೆ ನಿಮ್ಮಲ್ಲಿ ಬೋಧಕ ಮೊದಲು ತನ್ನ ಸಾಕ್ಷಿ ಹೇಳಬೇಕು, ದೇವರು ತನ್ನನ್ನು ಎಂಥ ಕೆಸರಿನಿಂದ ಎತ್ತಿದ ಎಂದು. ಒಬ್ಬ ಕಳ್ಳನಾಗಿದ್ದ, ಇನ್ನೊಬ್ಬ ಚಾಕು ಹಾಕಿದ್ದ. ನಿನ್ನ ಗಂಜಿಯ ಕತೆಗೆ ಜನ ಆಕಳಿಸಿದರಂತೆ. ‘ಒಂದ್ ಪಾಪಾನೂ ಸರ್ಯಾಗಿ ಮಾಡಿಲ್ಲ ಕಣ್ಲಾ ನಾನು, ಏನ್ ಹೇಳ್ಲಿ?’ ಎಂದು ನನ್ನ ಹತ್ತಿರ ನಕ್ಕಿದ್ದೆ. ಆಮೇಲೆ ಯಾವಾಗಲೋ ನಿನ್ನ ಸಾಕ್ಷಿಯೊಳಗೆ ಒಬ್ಬ ಕುಡುಕ ಅಪ್ಪ ಬಂದು ಸೇರಿಕೊಂಡ.

ಸೈಕಲ್ಲಿಗೆ ಹಾರ್ಮೋನಿಯಂ ಕಟ್ಟಿಕೊಂಡು ನೀನು ಊರೂರು ತಿರುಗುತ್ತಿದ್ದ ಕಾಲ. ಕೆಲವರು ಕೂರಿಸಿ ನೀರು ಕೊಟ್ಟರು, ಕೆಲವರು ಊರೊಳಕ್ಕೇ ಬಿಡಲಿಲ್ಲ. ನಮ್ಮೂರ ಕಟ್ಟೆಯಲ್ಲಿ ಅಪ್ಪನನ್ನು ಕೆಣಕುತ್ತಿದ್ದರು: ‘ಏನ್ ಗೌಡ, ನಿನ್ ಮಗ ಎಲ್ರನ್ನೂ ಉದ್ಧಾರ ಮಾಡ್ತಾವ್ನಂತೆ, ನಿನ್ನೊಬ್ಬನ್ ಬುಟ್ಟು!’ ಅಪ್ಪ ನಗುತ್ತಿದ್ದ. ‘ನಾನೇನ್ ಕೆಟ್ಟೋಗಿದ್ದೀನಿ ಅಂತ ಉದ್ಧಾರ ಮಾಡಾನು?’

ವಿರೂಪಾಕ್ಷಿಪುರದ ಕೂಟಕ್ಕೆ ಅಪ್ಪ ಬಂದಿದ್ದ. ಇದು ನಿನಗೆ ಗೊತ್ತಿರಲಿಲ್ಲ. ‘ಊರೋರು ಏನಾರ ಅಂದ್ಕೊಳ್ಲಿ, ಮಗ ಮಾತಾಡೋದ ಒಂದ್ಸಲ ಕೇಳ್ಬುಟ್ಟು ಬರಾನ ನಡಿ’ ಎಂದು ನನ್ನನ್ನು ಹೊರಡಿಸಿದ. ಶಾಮಿಯಾನದ ಹೊರಗೆ, ಹೊಂಗೆ ಮರದ ಕೆಳಗೆ, ತಲೆಗೆ ಟವೆಲ್ಲು ಹೊದ್ದು ಕೂತ. ನೀನು ಪದ ಎತ್ತಿದಾಗ ತೊಡೆಯ ಮೇಲೆ ತಾಳ ಹಾಕಿದ. ಪದ ಮುಗಿಸಿ ನೀನು ಮೈಕಿನಲ್ಲಿ ಹೇಳಿದೆ: ‘ನಮ್ಮಪ್ಪ ಕುಡಿದು ಬಂದು ನಮ್ಮವ್ವನ ಜುಟ್ಟು ಹಿಡಿದು ಬೀದಿಗೆ ಎಳೀತಿದ್ದ. ನಾನು ಹುಳದ ಮನೇಲಿ ಅವಿತುಕೊಂಡು ಅಳ್ತಿದ್ದೆ.’ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಪ್ಪನ ಕೈ ತೊಡೆಯ ಮೇಲೆ ಹಾಗೇ ಇತ್ತು.

ವಾಪಸು ಬರುವಾಗ ಚನ್ನಪಟ್ಟಣದಲ್ಲಿ ಸಾತನೂರಿನ ಬಸ್ಸು ನಿಂತಿತ್ತು. ಅಪ್ಪ ಅದನ್ನು ದಾಟಿ ವೈನ್ ಶಾಪಿಗೆ ನಡೆದ.

‘ಯಾವ್ದು ಬೇಕು ಯಜಮಾನ್ರೇ?’

‘ಕುಡಿಯೋರು ಯಾವ್ದ ಕುಡೀತಾರೋ ಅದ್ನೇ ಕೊಡಪ್ಪ.’

ಮೋರಿಯ ಪಕ್ಕ ಕಕ್ಕಿಕೊಂಡ. ಬೆನ್ನು ಸವರುತ್ತ, ಯಾಕಪ್ಪ ಇದೆಲ್ಲ ಎಂದು ಕೇಳಿದೆ. ‘ಅಷ್ಟು ಜನ್ರ ಮುಂದೆ ಹೇಳವ್ನೆ. ಅವ್ನ ಮಾತು ಸುಳ್ಳಾಗ್ಬಾರ್ದು ಕಣ್ಲಾ’ ಅಂದ. ಬಾಯಿ ಒರೆಸಿಕೊಂಡು, ‘ಅವ್ನಿಗೆ ಮಾತ್ರ ಹೇಳ್ಬೇಡ.’

ಮತ್ತೆ ಅವನು ನಿಲ್ಲಿಸಲಿಲ್ಲ. ಆ ಕೊನೆಯ ವರ್ಷಗಳನ್ನು ನೀನೂ ನೋಡಿದೆ. ಜಗಲಿಯಲ್ಲಿ ಬಿದ್ದಿದ್ದವನನ್ನು ಎತ್ತಿ ಕೂರಿಸುವಾಗ ನಿನ್ನ ಮುಖದಲ್ಲಿ ಒಂದು ಥರದ ಸಮಾಧಾನ ಕಂಡ ಹಾಗೆ ನನಗೆ... ಬಿಡು.

ಭಾನುವಾರ ಎದ್ದು ನಿಂತು ಎರಡೇ ಮಾತು ಹೇಳಿದೆ. ‘ಆಗ ನಮ್ಮಪ್ಪ ಕುಡೀತಿರಲಿಲ್ಲ. ನಮ್ಮವ್ವನ್ನ ಯಾವತ್ತೂ ಹೊಡೆದೋನಲ್ಲ.’ ಅತ್ತಿಗೆ ತಲೆ ತಗ್ಗಿಸಿದರು. ಮುಂದೆ ಕೂತಿದ್ದ ಒಬ್ಬ ಮುದುಕ ಎದ್ದು ಬಂದ. ನಿನ್ನ ಸಾಕ್ಷಿ ಕೇಳಿ ಕುಡಿತ ಬಿಟ್ಟವನಂತೆ. ನನ್ನ ಎರಡೂ ಕೈ ಹಿಡಿದುಕೊಂಡ, ಕಣ್ಣು ತುಂಬಿತ್ತು.

‘ನೋಡ್ರಪ್ಪಾ, ಅಷ್ಟೆಲ್ಲ ಅನುಭವಿಸಿದ್ರೂ ಹೆತ್ತಪ್ಪನ್ನ ಹೆಂಗೆ ಕ್ಷಮಿಸವ್ರೆ!’

ಎಲ್ಲರೂ ಸ್ತೋತ್ರ ಎಂದರು. ಯಾರೋ ಕೀಬೋರ್ಡ್ ಶುರುಮಾಡಿದರು. ಆ ಮುದುಕನ ಕೈ ಬಿಡಿಸಿಕೊಂಡು ಇನ್ನೊಂದು ಸಲ ಹೇಳಬಹುದಿತ್ತೇ? ಹೇಳಿ, ಅವನು ಮತ್ತೆ ಕುಡಿದರೆ? ಕೂತುಬಿಟ್ಟೆ.

ಊರಿನಲ್ಲೂ ಈಗ ಎಲ್ಲರಿಗೂ ನೆನಪಿರುವುದು ಜಗಲಿಯಲ್ಲಿ ಬಿದ್ದಿದ್ದ ಗೌಡನೇ. ಅವ್ವನೂ ಹೋದ ಮೇಲೆ, ಅದಕ್ಕೆ ಮುಂಚಿನ ಅಪ್ಪನನ್ನು ಬಲ್ಲವರು ನಾವಿಬ್ಬರು ಉಳಿದಿದ್ದೆವು ಅಣ್ಣಾ. ಈಗ ನಾನೊಬ್ಬ.