ಗಾಳಿಹಾಸಿಗೆಯ ಗದ್ದಲ

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದ. ದೇವರ ದಯೆಯಿಂದ ನಾನೂ ಅಮ್ಮನೂ ಉಸಿರಾಡಿಕೊಂಡಿದ್ದೇವೆ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಿನ್ನ ಟೆಲಿಸ್ಕೋಪಿನ ಹತ್ತಿರ ಫೋನು ಇಟ್ಟುಕೊಳ್ಳುವ ಹಾಗಿಲ್ಲವಲ್ಲ, ಅದಕ್ಕೇ ಕೈನೋವಿದ್ದರೂ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿಮ್ಮ ಎಂಜಿನಿಯರು ಮೀನಿನ ಮುಳ್ಳಿನಂಥ ಆಂಟೆನಾ ಹಿಡಿದುಕೊಂಡು ನೆಟ್ಟಗೆ ನಮ್ಮ ಬಾಗಿಲಿಗೇ ಬಂದರು. ಗದ್ದಲ ಇಲ್ಲಿಂದಲೇ ಬರುತ್ತಿದೆ ಎಂದರು. ಮಾತಾಡುವವರೇ ಇಲ್ಲದ ಮನೆಯಲ್ಲಿ ಗದ್ದಲ ಎಲ್ಲಿಯದು ಎಂದೆ. ನೋಡಿದರೆ, ಮಲಗಿದಲ್ಲೇ ಇರುವ ಅಮ್ಮನ ಬೆನ್ನು ಹುಣ್ಣಾಗದಿರಲೆಂದು ಹಾಕಿದ ಗಾಳಿಹಾಸಿಗೆಯ ಪಂಪು. ಅದರ ಹಳೆಯ ಮೋಟಾರು ನಮ್ಮ ಕಿವಿಗೆ ಕೇಳದ ರೇಡಿಯೋ ಸದ್ದು ಮಾಡುತ್ತದಂತೆ.

"ನಮ್ಮ ಸರ್ ಮೇಲಿನ ಗಾಳೀಲಿ ಏಳೋ ಅಲೆ ನೋಡ್ತಾರಮ್ಮ. ನಕ್ಷತ್ರದ ರೇಡಿಯೋ ಅದನ್ನ ದಾಟಿ ಬರೋವಾಗ ಅಲ್ಲಾಡುತ್ತೆ. ನಕ್ಷತ್ರ ನೋಡೋರಿಗೆ ಆ ಅಲ್ಲಾಟ ಕಸ, ನಮ್ಮ ಸರ್‌ಗೆ ಅದೇ ಬೆಳೆ," ಎಂದರು ಎಂಜಿನಿಯರು.

"ಬೇರೆಯವರು ಎಸೆದದ್ದನ್ನ ಆರಿಸ್ಕೊಳ್ತಾರೆ ಅನ್ನಿ," ಎಂದೆ. ನಕ್ಕರು. ನಾನು ನಿನ್ನ ಅಕ್ಕ ಎಂದು ಹೇಳಲಿಲ್ಲ. ನಿನಗೆ ಹೇಗೋ ಏನೋ ಎಂದುಕೊಂಡೆ. ಅವರು ಹೋದ ಮೇಲೆ ಪಕ್ಕದ ಮನೆಯವಳು, "ಊರೂರು ಅಲೆದದ್ದು ಸಾಲ್ದು ಅಂತ ನಿನ್ ತಮ್ಮ ಈಗ ಅಲೆ ಹಿಡಿಯೋಕೆ ಹೊರಟಿದಾನಾ?" ಎಂದಳು.

ಎಂಜಿನಿಯರು ಬರೆದುಕೊಂಡು ಹೋದ ಮನೆಯ ನಂಬರು ನಿನಗೂ ತಲುಪಿರಬೇಕು. ನೀನು ಬರಲಿಲ್ಲ, ಯಾವ ಯಾವ ಹೊತ್ತು ಪಂಪು ನಿಲ್ಲಿಸಬೇಕೆಂದು ನಿಮ್ಮಲ್ಲಿಂದ ವೇಳಾಪಟ್ಟಿ ಬಂತು. ನಿನ್ನ ಕೆಲಸ ಕೆಡಬಾರದೆಂದು ನಿಲ್ಲಿಸಿದೆ. ಹಾಸಿಗೆ ಚಪ್ಪಟೆಯಾಗಿ ಅಮ್ಮನ ಬೆನ್ನು ಹಲಗೆಗೆ ತಾಗಿತು. ಒಬ್ಬಳೇ ಎಷ್ಟೆಂದು ಮಗ್ಗುಲು ಬದಲಿಸಲಿ? ಸೊಂಟದ ಹತ್ತಿರ ಚರ್ಮ ಒಡೆದಿದೆ. ಮದ್ದು ಹಚ್ಚುತ್ತ ನರ್ಸಮ್ಮ, "ಪಂಪು ಇಟ್ಕೊಂಡು ನಿಲ್ಸಿದೀರಲ್ಲ, ದೇವರು ಮೆಚ್ತಾನಾ?" ಎಂದಳು.

ದೇವರ ಮುಂದೆ ಕೂತು ನಾನೂ ಅದನ್ನೇ ಕೇಳಿದೆ. ಮೇಲಿನ ಗಾಳಿಯನ್ನು ಅವನು ನೋಡಿಕೊಳ್ಳಲಿ, ಹಾಸಿಗೆಯ ಗಾಳಿ ನನ್ನ ಪಾಲಿನದು. ಬೆಳಿಗ್ಗೆಯಿಂದ ಪಂಪು ಓಡುತ್ತಿದೆ. ಇನ್ನು ನಿಲ್ಲಿಸುವುದಿಲ್ಲ. ನಿನ್ನ ಅಳತೆಯ ಗೆರೆ ಎಲ್ಲಿಯಾದರೂ ಕೆಟ್ಟರೆ, ಅದು ಅಮ್ಮ ಎಂದು ತಿಳಿದುಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಅಕ್ಕ

ಮತ್ತೊಂದು ಮಾತು. ಹೊರಡುವಾಗ ಎಂಜಿನಿಯರು ಅಮ್ಮನನ್ನು ನೋಡಿ, "ನೀವು ಪುಣ್ಯವಂತರು. ನಮ್ಮ ಸರ್‌ಗೆ ತಾಯಿ ಸೇವೆ ಮಾಡೋ ಭಾಗ್ಯ ಇಲ್ಲ. ಅವರು ಚಿಕ್ಕವರಿದ್ದಾಗ್ಲೇ ತಾಯಿ ತೀರ್ಕೊಂಡ್ರಂತೆ," ಎಂದರು. ಅಮ್ಮ ಎಚ್ಚರವಾಗಿಯೇ ಇದ್ದಳು. ಯಾರ ಸುದ್ದಿ ಅದು ಎಂದು ಕೇಳಿದಳು. ಯಾರೋ ದೊಡ್ಡ ಸಾಹೇಬರದು ಎಂದೆ.

"ಪಾಪ, ತಾಯಿ ಇಲ್ಲದ ಮಗು. ಒಂದಿನ ಊಟಕ್ಕೆ ಕರಿಯೇ ಅವನನ್ನ," ಎಂದಳು.

ಕರೆಯುತ್ತಿದ್ದೇನೆ.