ಎಡಗಡೆಯ ಸೀಟು

೩೦ ಏಪ್ರಿಲ್ ೨೦೧೬, ಶನಿವಾರ

ಇವತ್ತೂ ಒಂದು ಕಾರು ನೋಡಿ ಬಂದದ್ದಾಯಿತು. ನಾಲ್ಕನೆಯದು. ಹಳೇ ಕಾರುಗಳ ಕ್ಲಬ್ಬಿನ ಡೆಸ್ಮಂಡ್ ಜೊತೆಗಿದ್ದ. ಕರವಸ್ತ್ರದಲ್ಲಿ ಅಯಸ್ಕಾಂತ ಸುತ್ತಿ ಬಾಗಿಲ ಕೆಳಗೆ ಹಿಡಿದ — ಅಂಟಲಿಲ್ಲ, ಟಪ್ಪನೆ ಬಿತ್ತು. ಬಣ್ಣದ ಹಿಂದೆ ತಗಡೇ ಇಲ್ಲ, ಬರೀ ತೂತಿಗೆ ಮೆತ್ತಿದ ಪುಟ್ಟಿ. ಮಾರುವವನು ಆಕಾಶ ನೋಡುತ್ತಾ ನಿಂತ.

ಮೂವತ್ತನಾಲ್ಕು ವರ್ಷ ನಮ್ಮೂರು ಬ್ರಿಜ್‌ನಾರ್ತ್‌ನಲ್ಲಿ ಬಸ್ ಓಡಿಸಿದೆ. ಸ್ವಂತದ್ದೆಂದು ಒಂದು ಕಾರೂ ಇರಲಿಲ್ಲ. ರಿಟೈರ್ ಆದ ಮೇಲೆ ಈ ಹುಚ್ಚು. ಹಳೆಯದೇ ಬೇಕು, ತಲೆಯ ಮೇಲೆ ಚಾವಣಿ ಇರಬಾರದು, ಎರಡೇ ಸೀಟು. ಗ್ಲೆನಿಸ್ ನಗುತ್ತಾಳೆ. "ಐವತ್ತು ಜನರನ್ನ ಹೊತ್ಕೊಂಡು ತಿರುಗಿದ್ದು ಸಾಕಾಯ್ತಾ? ಈಗ ನಾನೊಬ್ಳೇ ಸಾಕಾ?" ಹೌದು, ಅವಳೊಬ್ಬಳೇ. ರಜೆ ಬಂದಾಗಲೆಲ್ಲ ಊರವರನ್ನು ಸಮುದ್ರಕ್ಕೆ ಕರೆದೊಯ್ದೆ, ಹೆಂಡತಿಯನ್ನು ಒಮ್ಮೆಯೂ ಇಲ್ಲ.

೭ ಮೇ, ಶನಿವಾರ

ಸಿಕ್ಕಿತು! ೧೯೫೮ರದು, ಕಡುಹಸಿರು. ಮಿಸೆಸ್ ಪೆನ್‌ಫೋಲ್ಡ್ ಎಂಬ ವಿಧವೆಯ ಮನೆಯಲ್ಲಿ. ಗಂಡ ರೋಲೆಂಡ್ ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡರಂತೆ. ಪ್ರತಿ ಭಾನುವಾರ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡದ ದಾರಿಯಲ್ಲಿ ಓಡಿಸುತ್ತಿದ್ದರಂತೆ. ರಿಪೇರಿಯೆಲ್ಲ ಅವರದೇ ಕೈ.

ಡೆಸ್ಮಂಡ್ ಬಂದಿರಲಿಲ್ಲ — ಸೊಂಟನೋವು. ಅಯಸ್ಕಾಂತ ನನ್ನ ಜೇಬಿನಲ್ಲೇ ಇತ್ತು. ಆದರೆ ಆಕೆ ಮೊದಲೇ ಟೀ ತಂದರು. ಕೇಕ್ ತಂದರು. ಎರಡನೆಯ ತುಂಡನ್ನೂ ಒತ್ತಾಯ ಮಾಡಿ ಹಾಕಿದರು. ಒಬ್ಬ ಹೆಂಗಸಿನ ಕೈಯ ಕೇಕ್ ತಿಂದು, ಆಕೆಯ ಸತ್ತ ಗಂಡನ ಕೆಲಸಕ್ಕೆ ಅಯಸ್ಕಾಂತ ಹಿಡಿಯುವುದು ಹೇಗೆ? ಉಂಡ ಮನೆಗೆ ಎರಡು ಬಗೆದಂತೆ. ಹಿಡಿಯಲಿಲ್ಲ. ಕೈಕುಲುಕಿ ಒಪ್ಪಿಬಿಟ್ಟೆ.

ಆಕೆಯದು ಒಂದೇ ಕೋರಿಕೆ. "ಈ ತಿಂಗಳ ಇಪ್ಪತ್ತೆರಡಕ್ಕೆ ನನಗೆ ಎಂಬತ್ತು ತುಂಬುತ್ತೆ. ಆವತ್ತು ಒಂದೇ ಒಂದ್ಸಲ, ನನ್ನ ಸೀಟಲ್ಲಿ, ಒಂದು ಸುತ್ತು ಕರ್ಕೊಂಡ್ ಹೋಗ್ತೀರಾ?" ಧಾರಾಳವಾಗಿ ಎಂದೆ.

೮ ಮೇ, ಭಾನುವಾರ

ಕಾರು ಮನೆಗೆ ಬಂತು. ಗ್ಲೆನಿಸ್ ಪಕ್ಕದಲ್ಲಿ ಕೂತು ಬಂದಳು. ಕೂದಲೆಲ್ಲ ಕೆದರಿ ಹುಚ್ಚಿಯಂತಾಗಿದ್ದಳು. ಇಷ್ಟು ನಕ್ಕದ್ದು ನೋಡಿ ಎಷ್ಟು ವರ್ಷವಾಯಿತೋ...

೧೧ ಮೇ, ಬುಧವಾರ, ಸಂಜೆ ೫

ಬರೆಯದಿದ್ದರೆ ಆಗದು.

ಡೆಸ್ಮಂಡ್ ಬಂದ. ಬಲಗಡೆ, ಓಡಿಸುವವರ ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಸುತ್ತಿಗೆಯಿಂದ ಬಡಿದು ನೋಡಿದ. ಹೊಸ ಉಕ್ಕಿನ ತಗಡು, ಅಂದವಾದ ಬೆಸುಗೆ. "ಭಲೇ ಕೆಲಸಗಾರ ಕಣೋ!" ಅಂದ. ಎಡಗಡೆಗೆ ಹೋದ. ಕಾರ್ಪೆಟ್ ಎತ್ತಿದ. ಬಡಿದ. ಸುತ್ತಿಗೆ ಒಳಗೇ ಹೋಯಿತು.

ತಗಡಿಲ್ಲ. ಮಡಚಿ ತುರುಕಿದ ದಿನಪತ್ರಿಕೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಕಪ್ಪು ಬಣ್ಣ. ತೂತಿನಿಂದ ನಮ್ಮ ಅಂಗಳದ ಜಲ್ಲಿ ಕಾಣಿಸಿತು. ಪತ್ರಿಕೆಯ ತಾರೀಖು ಮಾರ್ಚ್ ೨೦೧೩. ಅಂದರೆ ಮೂರು ಬೇಸಿಗೆ... ಪ್ರತಿ ಭಾನುವಾರ... ಆ ಮುದುಕಿ ಕಾಗದದ ಮೇಲೆ ಕಾಲಿಟ್ಟು ಕೂತಿದ್ದರು.

"ಇಷ್ಟು ಹಳೇ ಗಾಡಿಗೆ ಸರ್ಕಾರದೋರ ಪರೀಕ್ಷೆ ಬೇಡ ಅಂತಾಯ್ತಲ್ಲ, ಅದಾದ್ಮೇಲೆ ಮಾಡಿರೋದು," ಅಂದ ಡೆಸ್ಮಂಡ್. "ತಿಳೀದೆ ಮಾಡಿದ್ದಲ್ಲ ಮಾಲ್ಕಮ್. ಎರಡೂ ಒಂದೇ ಕೈ ಕೆಲಸ. ತನ್ನ ಕಡೆ ಉಕ್ಕು, ಹೆಂಡ್ತಿ ಕಡೆ ಪೇಪರ್."

ಮೊನ್ನೆ ಗ್ಲೆನಿಸ್ ಕೂತದ್ದು ಅದೇ ಸೀಟಿನಲ್ಲಿ.

೨೦ ಮೇ, ಶುಕ್ರವಾರ

ಮಿಸೆಸ್ ಪೆನ್‌ಫೋಲ್ಡ್ ಫೋನ್. "ಭಾನುವಾರ ನೆನಪಿದೆ ತಾನೇ? ಹೊಸ ಸ್ಕಾರ್ಫ್ ತಗೊಂಡಿದ್ದೀನಿ." ಹೂಂ ಅಂದೆ. ಹೇಡಿ.

ಬೆಸುಗೆ ಹಾಕಿಸಲು ಒಂದು ತಿಂಗಳು ಬೇಕು. ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಸುಳ್ಳು ಹೇಳಿಬಿಡಲೇ ಎಂದು ಗ್ಲೆನಿಸ್‌ಳನ್ನು ಕೇಳಿದೆ. ಆ ಮುದುಕಿಗೆ ಉಳಿದಿರುವುದು ಗಂಡನ ನೆನಪೊಂದೇ, ಅದನ್ನೂ ಕಿತ್ತುಕೊಳ್ಳಬೇಕೇ?

ಗ್ಲೆನಿಸ್ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಆ ಸೀಟಲ್ಲಿ ಕೂತಿದ್ದೋಳು ನಾನಾಗಿದ್ರೆ, ನನಗೆ ಗೊತ್ತಾಗ್ಬೇಕಪ್ಪ." ಆಮೇಲೆ — "ನೀನಾಗಿದ್ರೆ ಯಾವ ಕಡೆ ಮೊದಲು ಸರಿಮಾಡ್ತಿದ್ದೆ?"

"ನಿನ್ನ ಕಡೆ" ಅಂದೆ. ಆದರೆ ತಡವಾಗಿ ಅಂದೆ. ಆ ತಡ ಇಬ್ಬರಿಗೂ ಕೇಳಿಸಿತು. ನಾನು ಅಂಥವನಲ್ಲ ಅಂದುಕೊಂಡಿದ್ದೆ.

೨೨ ಮೇ, ಭಾನುವಾರ

ಒಬ್ಬನೇ, ನಿಧಾನವಾಗಿ ಓಡಿಸಿಕೊಂಡು ಹೋದೆ. ಅವರ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ನೀಲಿ ಸ್ಕಾರ್ಫ್, ತುಟಿಗೆ ಬಣ್ಣ. ನೇರ ಎಡಬಾಗಿಲಿಗೆ ಬಂದರು. ಕೈ ಅಡ್ಡ ಹಿಡಿದೆ. ಕಾರ್ಪೆಟ್ ಎತ್ತಿ ತೋರಿಸಿದೆ.

ಬಹಳ ಹೊತ್ತು ನೋಡಿದರು. ಬೆರಳು ಹಾಕಿ ಕಾಗದ ಮುಟ್ಟಿದರು.

"ಅವರ ಕಡೆ?"

ಅದನ್ನೂ ತೋರಿಸಿದೆ. ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ.

"ನನಗೆ ಸ್ಟೀರಿಂಗ್ ಮುಟ್ಟೋಕೇ ಬಿಡ್ತಿರ್ಲಿಲ್ಲ," ಅಂದರು. "ಬೇಡ ಕಣೇ, ಅಪಾಯ, ಅನ್ನೋರು."

ಸುತ್ತಿ ಬಂದು ಬಲಬಾಗಿಲು ತೆರೆದು ಕೂತರು. ಲಂಗ ಸರಿಮಾಡಿಕೊಂಡರು. ಕೈ ಚಾಚಿದರು.

"ಕೀ ಕೊಡಿ."

"ಮಿಸೆಸ್ ಪೆನ್‌ಫೋಲ್ಡ್, ನಿಮ್ಮ ಹತ್ರ ಲೈಸೆನ್ಸ್..."

"ಗೇಟಿನ ತನಕ ಅಷ್ಟೇ. ಇದು ನನ್ನ ಅಂಗಳ. ನೀವು ಹೇಳ್ಕೊಡಿ. ಆ ಕಡೆ ಕೂತ್ಕೊಳ್ಳಿ."

ಕೊಟ್ಟೆ. ಎಡಗಡೆ ಹೋಗಿ ಕೂತೆ. ಕಾಲು ಎಲ್ಲಿಡುವುದೆಂದು ತಿಳಿಯಲಿಲ್ಲ, ಎತ್ತಿಯೇ ಹಿಡಿದುಕೊಂಡೆ. ಇಂಜಿನ್ ಗುಡುಗಿತು. ಆಕೆ ಹಲ್ಲು ಕಚ್ಚಿ ಕ್ಲಚ್ ಬಿಟ್ಟರು — ಕಾರು ಕುಪ್ಪಳಿಸುತ್ತಾ ಗೇಟಿನ ಕಡೆ ಹೊರಟಿತು.