ಸೈನ್ಯ ಮರಳಿದ ಕರೆ

ರೋಮ್ ಸೈನ್ಯದ ಘನತೆವೆತ್ತ ಕಹಳೆಗಾರರಾದ ಅಪ್ಪನವರಿಗೆ, ಬ್ರಿಟನ್ನಿನ ಖಾಲಿ ಕೋಟೆಯಿಂದ ಮಗ ಸೆನೆಕಿಯೊ ಸಲ್ಲಿಸುವ ವರದಿ.

ನೀವೆಲ್ಲ ಕಡಲಾಚೆಯ ಗಾಲ್ ದೇಶದ ಯುದ್ಧಕ್ಕೆ ಹೋಗಿ ನಾಲ್ಕು ವರ್ಷವಾಯಿತು. ಈಗ ಪತ್ರ ಒಯ್ಯುವ ಹಡಗೂ ಇಲ್ಲ, ಆದ್ದರಿಂದ ಧೈರ್ಯವಾಗಿ ತಪ್ಪೊಪ್ಪಿಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆ ತಮಾಷೆಗೆಂದು ಕೋಟೆಗೋಡೆ ಹತ್ತಿ, ನೀವು ಬಿಟ್ಟುಹೋದ ಹಳೆಯ ಕಹಳೆಯಲ್ಲಿ ಸೈನ್ಯ ಮರಳಿದಾಗಿನ ಕರೆ ಊದಿದೆ. ಊರೆಲ್ಲ ಓಡಿಬಂತು. ಮುದಿ ಕಾವಲುಗಾರ ತಮೋನಿಯಸ್ ಶಿರಸ್ತ್ರಾಣವನ್ನು ಹಿಂದುಮುಂದಾಗಿ ಹಾಕಿಕೊಂಡು ಸೆಟೆದು ನಿಂತ. ನಾನು ಬಿದ್ದು ಬಿದ್ದು ನಕ್ಕೆ.

"ಇಳಿಯೋ ಕೋತಿ, ಕಾಲು ಮುರೀತೀನಿ!" ಎಂದು ಅವನು ಕಿರುಚಿದ.

ಆಮೇಲೆ ಅಮ್ಮ ಬಂದಳು, ಕೈಯಲ್ಲಿ ನಿಮ್ಮ ಉಣ್ಣೆಯ ಕಾಲುಚೀಲ ಹಿಡಿದು. ಬೈಯಲಿಲ್ಲ. ಖಾಲಿ ರಸ್ತೆಯನ್ನೇ ನೋಡುತ್ತ, "ಇನ್ನೊಂದ್ಸಲ ಊದೋ. ದೂರದಲ್ಲಿದ್ರೆ ಕೇಳಿಸ್ಬೇಕಲ್ಲ" ಅಂದಳು.

ಊದಿದೆ, ಅಪ್ಪ. ಈ ಸಲ ಸ್ವರ ಸರಿಯಾಗಿ ಹೊರಡಲಿಲ್ಲ.